ಲಿ ಹುವಾ ಬರೆದ ಪತ್ರಗಳು: ಚೀನಾದ ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಮತ್ತು ಅದರ ಅಭ್ಯಾಸದ ಚರಿತ್ರೆ

1. ಪ್ರಸ್ತಾವನೆ

2017ರ ಜೂನ್ 8ರ ಅಪರಾಹ್ನ ಚೀನಾದ ಹೆನಾನ್, ಹೆಬೈ, ಹುಬೈ ಮೊದಲಾದ ಪ್ರಾಂತಗಳಲ್ಲಿ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಗೆ ಕುಳಿತಿದ್ದ ವಿದ್ಯಾರ್ಥಿಗಳು ಇಂಗ್ಲಿಷ್ ಪತ್ರಿಕೆಯ ಕೊನೆಯಲ್ಲಿ ಒಂದು ಮಿಂಚಂಚೆಯನ್ನು ಬರೆಯಬೇಕಾಗಿತ್ತು. ಬರೆಯುವ ವ್ಯಕ್ತಿಯ ಹೆಸರು ಲಿ ಹುವಾ. ಈ ವ್ಯಕ್ತಿ ಲೆಸ್ಲಿ ಎಂಬ ಬ್ರಿಟಿಷ್ ಸ್ನೇಹಿತರೊಬ್ಬರಿಗೆ ಚೀನೀ ಭಾಷೆಯನ್ನು ಕಲಿಸುತ್ತಿರುವುದಾಗಿ ಪ್ರಶ್ನೆಪತ್ರಿಕೆ ತಿಳಿಸುತ್ತದೆ. ಮುಂದಿನ ಪಾಠದ ಸಮಯ ಮತ್ತು ಸ್ಥಳ, ಪಾಠದ ವಿಷಯವಾದ ತಾಂಗ್ ಕಾಲದ ಕಾವ್ಯ, ಅದಕ್ಕೆ ಪೂರ್ವಸಿದ್ಧತೆಯಾಗಿ ತಾಂಗ್ ರಾಜವಂಶದ ಚರಿತ್ರೆಯ ಸ್ಥೂಲ ಪರಿಚಯ: ಈ ಮೂರು ಅಂಶಗಳು ಪತ್ರದಲ್ಲಿ ಬರಬೇಕು. ಸೂಚನೆಗಳು ಚೀನೀ ಭಾಷೆಯಲ್ಲಿವೆ. ಪತ್ರ ಸುಮಾರು 100 ಪದಗಳಷ್ಟಿರಬೇಕು. ಒಟ್ಟು 150 ಅಂಕಗಳಲ್ಲಿ ಇದಕ್ಕೆ 25 ಅಂಕಗಳು.

ಚೀನಾದ ಹಿರಿಯ ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಲಿ ಹುವಾ ಅಪರಿಚಿತ ಹೆಸರಲ್ಲ. 1990ರ ದಶಕದಿಂದ ಈ ಕಲ್ಪಿತ ವ್ಯಕ್ತಿ ಹೊರನಾಡಿನ ಕಲ್ಪಿತ ಸ್ನೇಹಿತರಿಗೆ ಪತ್ರ ಬರೆಯುತ್ತಲೇ ಬಂದಿದೆ. 2018ರಲ್ಲಿ ನ್ಯೂಜಿಲೆಂಡಿನ ಟೆರಿ ಎಂಬವರಿಗೆ ಚೀನೀ ಮನೆಗೆ ಅತಿಥಿಯಾಗಿ ಹೋಗುವಾಗ ಪಾಲಿಸಬೇಕಾದ ರೀತಿ ರಿವಾಜುಗಳನ್ನು ತಿಳಿಸಿತು. 2019ರಲ್ಲಿ ಲಂಡನ್ನಿನ ಕಲಾ ಗ್ಯಾಲರಿಯೊಂದರ ಚೀನೀ ಚಿತ್ರಪ್ರದರ್ಶನಕ್ಕೆ ಸ್ವಯಂಸೇವಕನಾಗಲು ಅರ್ಜಿ ಸಲ್ಲಿಸಿತು. ಲಿ ಹುವಾ ಹೆಣ್ಣೋ ಗಂಡೋ ಎಂಬುದನ್ನು ಪತ್ರಿಕೆ ಹೇಳುವುದಿಲ್ಲ. ಆ ಹೆಸರು ಇಬ್ಬರಿಗೂ ಸಲ್ಲುತ್ತದೆ. ಈ ಪತ್ರಗಳಲ್ಲಿ ಯಾವುದೊಂದಕ್ಕೂ ಉತ್ತರ ಬರುವುದಿಲ್ಲ ಎಂಬುದನ್ನು ಬರೆಯುವವರೂ ಓದುವವರೂ ಬಲ್ಲರು.

ಪ್ರಸ್ತುತ ಲೇಖನದಲ್ಲಿ ನಾವು ಈ ಪತ್ರವನ್ನು ಕೇಂದ್ರವಾಗಿಟ್ಟುಕೊಂಡು, ಚೀನಾದ ಪ್ರವೇಶ ಪರೀಕ್ಷೆಯಾದ ಗಾವ್‌ಕಾವ್‌ನ ಇಂಗ್ಲಿಷ್ ಪತ್ರಿಕೆಯ ಚರಿತ್ರೆಯನ್ನು ಪ್ರಶ್ನಾರೂಪಗಳ ಚರಿತ್ರೆಯಾಗಿ ಓದಲು ಯತ್ನಿಸುತ್ತೇವೆ. ಪರೀಕ್ಷೆಯು ಬೋಧನೆಯ ಮೇಲೆ ಬೀರುವ ಹಿಂಪರಿಣಾಮವನ್ನು ಭಾಷಾಪರೀಕ್ಷಣ ಶಾಸ್ತ್ರವು ವಾಷ್‌ಬ್ಯಾಕ್ ಎಂದು ಕರೆಯುತ್ತದೆ. ಚೀನಾದಲ್ಲಿ ಈ ಹಿಂಪರಿಣಾಮವನ್ನು ಆಕಸ್ಮಿಕಕ್ಕೆ ಬಿಡದೆ, ತರಗತಿಯನ್ನು ಬದಲಿಸುವ ಉಪಾಯವಾಗಿಯೇ ಯೋಜಿಸಲಾಯಿತು. ಆದರೂ ಒಂದರ ಹಿಂದೆ ಒಂದು ಬಂದ ಹೊಸ ಪ್ರಶ್ನಾರೂಪಗಳು ಕೆಲವೇ ವರ್ಷಗಳಲ್ಲಿ ಉರು ಹೊಡೆಯುವ ಸಾಮಗ್ರಿಯಾಗಿ ಪರಿಣಮಿಸಿದವು. ಇದನ್ನು ಚೀನಾದ ಪರಂಪರಾಗತ ಕಂಠಪಾಠದ ಮನೋಧರ್ಮದಿಂದ ವಿವರಿಸುವುದು ವಾಡಿಕೆ. ಆ ವಿವರಣೆ ಸಾಲದು ಎಂಬುದು ನಮ್ಮ ವಾದ. ಒಂದೇ ಅಂಕವು ಏಕಕಾಲಕ್ಕೆ ಆಯ್ಕೆಯ ಕೆಲಸವನ್ನೂ ಬೋಧನಾಸುಧಾರಣೆಯ ಕೆಲಸವನ್ನೂ ಮಾಡಬೇಕೆಂದು ನಿರೀಕ್ಷಿಸಿದಾಗ ಮೊದಲನೆಯದು ಎರಡನೆಯದನ್ನು ತನ್ನ ಅಚ್ಚಿಗೆ ಎರಕ ಹೊಯ್ಯುತ್ತದೆ. ಈ ಪ್ರಕ್ರಿಯೆಯ ಜಾಡು ಮೌಲ್ಯಮಾಪನದ ನಿಯಮಾವಳಿಯ ಭಾಷೆಯಲ್ಲಿಯೇ ದೊರೆಯುತ್ತದೆ.

2. ಅಂಕದ ತೂಕ: 1952ರಿಂದ 1983

ರಾಷ್ಟ್ರಮಟ್ಟದ ಏಕೀಕೃತ ಪ್ರವೇಶ ಪರೀಕ್ಷೆ ಚೀನಾದಲ್ಲಿ ಆರಂಭವಾದುದು 1952ರಲ್ಲಿ. ಆ ದಶಕದಲ್ಲಿ ಸೋವಿಯತ್ ಒಕ್ಕೂಟದೊಡನಿದ್ದ ಸ್ನೇಹದ ಕಾರಣ ಶಾಲೆಗಳ ಪ್ರಧಾನ ವಿದೇಶಿ ಭಾಷೆ ರಷ್ಯನ್ ಆಗಿತ್ತು. ಎರಡು ದೇಶಗಳ ಸಂಬಂಧ ಹದಗೆಟ್ಟ ಮೇಲೆ, 1964ರ ವಿದೇಶಿ ಭಾಷಾಶಿಕ್ಷಣದ ಏಳು ವರ್ಷಗಳ ಯೋಜನೆಯು ಇಂಗ್ಲಿಷನ್ನು ಮೊದಲನೆಯ ವಿದೇಶಿ ಭಾಷೆಯೆಂದು ಗುರುತಿಸಿತು. ಆದರೆ 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಆರಂಭವಾಗಿ ಪರೀಕ್ಷೆಯೇ ನಿಂತುಹೋಯಿತು. ಅದು ಮರಳಿ ಬಂದದ್ದು 1977ರ ಚಳಿಗಾಲದಲ್ಲಿ. ಆ ವರ್ಷ ಪರೀಕ್ಷೆಗೆ ಕುಳಿತವರು ಸುಮಾರು 57 ಲಕ್ಷ. ಪ್ರವೇಶ ಪಡೆದವರು ಸುಮಾರು 2 ಲಕ್ಷ 70 ಸಾವಿರ. ಪ್ರತಿ ನೂರು ಮಂದಿಯಲ್ಲಿ ಐದು ಮಂದಿಗೂ ಪೂರ್ತಿಯಾಗಿ ಸ್ಥಾನ ದೊರೆಯದ ಈ ಪ್ರಮಾಣವು ಆ ಪರೀಕ್ಷೆಗೆ ಅಂಟಿದ ಸಾಮಾಜಿಕ ಭಾರವನ್ನು ಸೂಚಿಸುತ್ತದೆ.

ಪುನರಾರಂಭದ ನಂತರ ವಿದೇಶಿ ಭಾಷೆಯ ಸ್ಥಾನವನ್ನು ಶೇಕಡಾವಾರು ಲೆಕ್ಕದಲ್ಲಿ ಏರಿಸಲಾಯಿತು. 1978ರಲ್ಲಿ ಆ ವಿಷಯದ ಅಂಕವನ್ನು ಒಟ್ಟು ಮೊತ್ತಕ್ಕೆ ಸೇರಿಸದೆ ಪರಾಮರ್ಶೆಗಾಗಿ ಮಾತ್ರ ನೋಡಲಾಯಿತು. 1979ರಲ್ಲಿ ಪ್ರಮುಖ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಅದರ ಶೇ. 10ರಷ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು. ಮುಂದೆ 1980ರಲ್ಲಿ ಶೇ. 30, 1981ರಲ್ಲಿ ಶೇ. 50, 1982ರಲ್ಲಿ ಶೇ. 70, ಕೊನೆಗೆ 1983ರಲ್ಲಿ ಪೂರ್ಣ ಅಂಕ. ಒಂದು ದಶಕದ ಕಾಲ ಕ್ರಮಬದ್ಧ ಶಾಲಾಬೋಧನೆಗೆ ಭಂಗ ಬಂದಿದ್ದ ದೇಶದಲ್ಲಿ ಇಂಗ್ಲಿಷ್ ಶಿಕ್ಷಕರ ಕೊರತೆ ತೀವ್ರವಾಗಿತ್ತು. ಪಠ್ಯಕ್ರಮ, ಪುಸ್ತಕ, ಶಿಕ್ಷಕರು ಸಿದ್ಧವಾಗುವ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಅಂಕದ ತೂಕ ಏರಿತು. ಶಾಲೆಯ ಇಂಗ್ಲಿಷ್ ಎಂದರೇನು ಎಂಬ ಪ್ರಶ್ನೆಗೆ ಉತ್ತರವನ್ನು ಪರೀಕ್ಷೆಯೇ ಕೊಡುವ ಸ್ಥಿತಿ ಇಲ್ಲಿಂದಲೇ ಮೊದಲಾಯಿತೆಂದು ನಾವು ಭಾವಿಸುತ್ತೇವೆ. ಇಂದಿಗೂ ನಿಯಮದ ಪ್ರಕಾರ ಅಭ್ಯರ್ಥಿಯು ಇಂಗ್ಲಿಷ್, ರಷ್ಯನ್, ಜಪಾನೀ, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಎಂಬ ಆರು ಭಾಷೆಗಳಲ್ಲಿ ಒಂದನ್ನು ಆಯ್ದುಕೊಳ್ಳಬಹುದು. ಬಹುಸಂಖ್ಯಾತರು ಬರೆಯುವುದು ಇಂಗ್ಲಿಷ್ ಪತ್ರಿಕೆಯನ್ನೇ.

3. ಗುವಾಂಗ್‌ಡಾಂಗ್ ಪ್ರಯೋಗ

1985ರಲ್ಲಿ ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತದಲ್ಲಿ ಗಣಿತ ಮತ್ತು ಇಂಗ್ಲಿಷ್ ವಿಷಯಗಳಿಗೆ ಪ್ರಮಾಣೀಕೃತ ಪರೀಕ್ಷೆಯನ್ನು ಪ್ರಾಯೋಗಿಕವಾಗಿ ಜಾರಿಗೊಳಿಸಲಾಯಿತು. ಇಂಗ್ಲಿಷ್ ಪತ್ರಿಕೆಯ ಹಿಂದೆ ಗುವಾಂಗ್‌ಝೌ ವಿದೇಶಿ ಭಾಷಾ ಸಂಸ್ಥೆಯ ವಿದ್ವಾಂಸರಿದ್ದರು. ಅವರಲ್ಲಿ ಗುಯಿ ಷಿಚುನ್ ಮತ್ತು ಲಿ ಷಿಯಾವ್‌ಜು ಪ್ರಮುಖರು. ಲಿ ಷಿಯಾವ್‌ಜು ಅವರು 1984ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಸಂವಹನಾತ್ಮಕ ಭಾಷಾಬೋಧನೆಯನ್ನು ಸಮರ್ಥಿಸಿಕೊಂಡಿದ್ದರು. ಅದೇ ತತ್ತ್ವದ ಮೇಲೆ ಪಠ್ಯಪುಸ್ತಕಗಳನ್ನೂ ರೂಪಿಸುತ್ತಿದ್ದರು. ಹೀಗೆ, ತರಗತಿಯಲ್ಲಿ ಭಾಷೆ ಬಳಕೆಯಾಗಬೇಕೆಂದು ಬಯಸಿದವರೇ ಪರೀಕ್ಷೆಯನ್ನೂ ರಚಿಸಿದರೆಂಬುದು ಈ ಚರಿತ್ರೆಯಲ್ಲಿ ಗಮನಾರ್ಹ ಸಂಗತಿ.

ಅಂದಿನ ಇಂಗ್ಲಿಷ್ ತರಗತಿಯಲ್ಲಿ ವ್ಯಾಕರಣದ ವಿವರಣೆ, ಅನುವಾದ, ಪಾಠದ ಪಂಕ್ತಿಗಳ ಕಂಠಪಾಠ ಇವೇ ಪ್ರಧಾನವಾಗಿದ್ದವು. ಹಳೆಯ ಪರೀಕ್ಷೆಯೂ ಅದನ್ನೇ ಅಳೆಯುತ್ತಿತ್ತು. ಹೊಸ ಪತ್ರಿಕೆಯು ಜ್ಞಾನದಿಂದ ಬಳಕೆಯ ಕಡೆಗೆ ಒತ್ತನ್ನು ಸರಿಸಲು ಉದ್ದೇಶಿಸಿತು. ಬಹುಪಾಲು ಪ್ರಶ್ನೆಗಳು ಬಹು ಆಯ್ಕೆಯವಾಗಿದ್ದರೂ, ಪಠ್ಯಪುಸ್ತಕದ ಹೊರಗಿನ ಗದ್ಯಭಾಗಗಳ ಗ್ರಹಿಕೆಗೆ ಹೆಚ್ಚಿನ ಸ್ಥಾನ ದೊರೆಯಿತು. ಸನ್ನಿವೇಶವೊಂದನ್ನು ಕೊಟ್ಟು ಬರೆಯಿಸುವ ಮಾರ್ಗದರ್ಶಿತ ಬರವಣಿಗೆಯೂ ಸೇರಿತು. 1990ರಲ್ಲಿ ಲಿ ಷಿಯಾವ್‌ಜು ಅವರು ಭಾಷಾಪರೀಕ್ಷೆಯೊಂದು ಎಷ್ಟು ಪ್ರಬಲವಾಗಬಲ್ಲದು ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿಕೊಂಡು ಬರೆದ ಲೇಖನದಲ್ಲಿ ಈ ಪ್ರಯೋಗದ ಫಲವನ್ನು ಆಶಾದಾಯಕವಾಗಿ ವರದಿ ಮಾಡಿದರು. ಶಾಲೆಗಳಲ್ಲಿ ಪಠ್ಯೇತರ ಓದು ಹೆಚ್ಚಿತ್ತು. ಶಿಕ್ಷಕರು ಹೊಸ ಸಾಮಗ್ರಿಯನ್ನು ಅರಸತೊಡಗಿದ್ದರು.

ಆ ಆಶಾವಾದ ಅಕಾರಣವಾದುದಲ್ಲ. ಅಲ್ಪಾವಧಿಯಲ್ಲಿ ಹೊಸ ಪ್ರಶ್ನಾರೂಪವು ತರಗತಿಯನ್ನು ನಿಜವಾಗಿಯೂ ಅಲುಗಾಡಿಸುತ್ತದೆ, ಏಕೆಂದರೆ ಅದಕ್ಕೆ ಉತ್ತರಿಸುವ ಸಿದ್ಧಸೂತ್ರಗಳು ಆಗ ಇನ್ನೂ ಹುಟ್ಟಿರುವುದಿಲ್ಲ. ಅಭ್ಯರ್ಥಿಗೂ ಶಿಕ್ಷಕನಿಗೂ ಭಾಷೆಯನ್ನು ಕಲಿಯುವುದೇ ಪರೀಕ್ಷೆಗೆ ಸಿದ್ಧವಾಗುವ ಅತ್ಯಂತ ಸಮೀಪದ ದಾರಿಯಾಗಿರುತ್ತದೆ. ವರ್ಷಗಳು ಕಳೆದು ಹಳೆಯ ಪ್ರಶ್ನೆಪತ್ರಿಕೆಗಳ ರಾಶಿ ಬೆಳೆದಂತೆ ಇನ್ನೂ ಸಮೀಪದ ದಾರಿಗಳು ತೆರೆದುಕೊಳ್ಳುತ್ತವೆ. 1980ರ ದಶಕದ ಕೊನೆಯ ವೇಳೆಗೆ ಪ್ರಮಾಣೀಕೃತ ಪರೀಕ್ಷೆ ದೇಶವ್ಯಾಪಿಯಾಯಿತು. ಆನಂತರ ಬೆಳೆದ ಅಭ್ಯಾಸದ ರೂಢಿಗೆ ಚೀನೀ ಭಾಷೆಯಲ್ಲಿ ‘ಪ್ರಶ್ನೆಗಳ ಕಡಲಿನ ತಂತ್ರ’ ಎಂಬರ್ಥದ ನುಡಿಗಟ್ಟು ಬಳಕೆಯಲ್ಲಿದೆ. ‘ಐದು ವರ್ಷಗಳ ಗಾವ್‌ಕಾವ್, ಮೂರು ವರ್ಷಗಳ ಮಾದರಿ ಪರೀಕ್ಷೆ’ ಎಂಬ ಶೀರ್ಷಿಕೆಯ ಅಭ್ಯಾಸಪುಸ್ತಕಮಾಲೆ ಹಿರಿಯ ಪ್ರೌಢಶಾಲೆಗಳಲ್ಲಿ ಮನೆಮಾತಾಗಿದೆ. ಆ ಶೀರ್ಷಿಕೆಯೇ ಅಭ್ಯಾಸದ ಕ್ರಮವನ್ನು ಹೇಳುತ್ತದೆ: ಕಳೆದ ಪ್ರಶ್ನೆಗಳಿಂದ ಮುಂದಿನ ಪ್ರಶ್ನೆಯನ್ನು ಊಹಿಸುವುದು.

4. ಪತ್ರ ಮತ್ತು ಅದರ ನಿಜವಾದ ಓದುಗ

ಮಾರ್ಗದರ್ಶಿತ ಬರವಣಿಗೆಯ ಆಶಯ ಸ್ಪಷ್ಟವಾಗಿದೆ. ಪತ್ರಕ್ಕೆ ಬರೆಯುವವರಿದ್ದಾರೆ, ಓದುವವರಿದ್ದಾರೆ, ಉದ್ದೇಶವಿದೆ. ಟೆರಿಗೆ ಬರೆಯುವವರು ಟೆರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ, ಯಾವ ಸಲುಗೆಯಲ್ಲಿ ಬರೆಯಬಹುದು ಎಂಬುದನ್ನು ಯೋಚಿಸಬೇಕು. ಆದರೆ ಉತ್ತರಪತ್ರಿಕೆಯನ್ನು ಓದುವವರು ಟೆರಿಯಲ್ಲ, ಮೌಲ್ಯಮಾಪಕರು. ಅವರು ಅನುಸರಿಸುವ ನಿಯಮಾವಳಿ ಈ ಪತ್ರದ ಎರಡನೆಯ ಪ್ರಶ್ನೆಪತ್ರಿಕೆಯಿದ್ದಂತೆ. 25 ಅಂಕಗಳ ಈ ಪ್ರಶ್ನೆಗೆ ಐದು ಶ್ರೇಣಿಗಳಿವೆ. ಮೌಲ್ಯಮಾಪಕರು ಮೊದಲು ಉತ್ತರ ಯಾವ ಶ್ರೇಣಿಗೆ ಸೇರುತ್ತದೆಂದು ನಿರ್ಧರಿಸಿ, ಬಳಿಕ ಆ ಶ್ರೇಣಿಯೊಳಗೆ ಅಂಕ ನೀಡುತ್ತಾರೆ. ಕೊಟ್ಟ ಅಂಶಗಳೆಲ್ಲ ಬಂದಿವೆಯೇ ಎಂಬುದು ಮೊದಲ ಪರಿಶೀಲನೆ. ಪದಗಳ ಸಂಖ್ಯೆ 80ಕ್ಕಿಂತ ಕಡಿಮೆ ಅಥವಾ 120ಕ್ಕಿಂತ ಹೆಚ್ಚಾದರೆ 2 ಅಂಕ ಕಡಿತ. ಕೈಬರಹ ಸಂವಹನಕ್ಕೆ ಅಡ್ಡಿಯಾಗುವಷ್ಟು ಕೆಟ್ಟದಾಗಿದ್ದರೆ ಒಂದು ಶ್ರೇಣಿ ಕೆಳಕ್ಕೆ.

ಅತ್ಯುನ್ನತ ಶ್ರೇಣಿಯ ವಿವರಣೆಯಲ್ಲಿ ಭಾಷಾವಿಜ್ಞಾನದ ದೃಷ್ಟಿಯಿಂದ ಮಹತ್ತ್ವದ ಒಂದು ಮಾತಿದೆ. ಹೆಚ್ಚು ವ್ಯಾಕರಣ ರಚನೆಗಳನ್ನೂ ಪದಗಳನ್ನೂ ಬಳಸಿರಬೇಕು. ಕೆಲವು ತಪ್ಪುಗಳಿದ್ದರೂ ಅವು ಸಂಕೀರ್ಣ ರಚನೆಗಳನ್ನು ಅಥವಾ ಉನ್ನತ ಮಟ್ಟದ ಪದಗಳನ್ನು ಬಳಸುವ ಪ್ರಯತ್ನದಿಂದ ಉಂಟಾದವಾಗಿದ್ದರೆ ಬಾಧಕವಿಲ್ಲ ಎಂಬುದು ಅದರ ಸಾರ. ಕಲಿಯುವವರು ತಪ್ಪಿಗೆ ಹೆದರಿ ಸುರಕ್ಷಿತ ವಾಕ್ಯಗಳಿಗೆ ಅಂಟಿಕೊಳ್ಳಬಾರದೆಂಬ ಉದಾರವಾದ ಆಶಯ ಇದರ ಹಿಂದಿದೆ. ಅಭ್ಯಾಸದ ತರಗತಿಯಲ್ಲಿ ಈ ಅನುಮತಿ ಆಜ್ಞೆಯಾಗಿ ಮಾರ್ಪಟ್ಟಿತು. ಸಂಕೀರ್ಣ ರಚನೆಯನ್ನು ಬಳಸಬಹುದು ಎಂದಿದ್ದುದು ಬಳಸಿ ತೋರಿಸಬೇಕು ಎಂದಾಯಿತು. ಸರಳ ಪದಗಳ ಎದುರಿಗೆ ‘ಉನ್ನತ’ ಪದಗಳನ್ನು ಜೋಡಿಸಿದ ಪಟ್ಟಿಗಳು ಹುಟ್ಟಿದವು. ‘ಇಂಪಾರ್ಟೆಂಟ್’ ಎನ್ನುವಲ್ಲಿ ‘ಆಫ್ ಗ್ರೇಟ್ ಸಿಗ್ನಿಫಿಕೆನ್ಸ್’ ಬರೆಯಬೇಕು. ಒಂದು ಪತ್ರದಲ್ಲಿ ವಿಶೇಷಣ ಉಪವಾಕ್ಯ, ಕೃದಂತ ರಚನೆ, ಪದಕ್ರಮ ಪಲ್ಲಟಗೊಂಡ ವಾಕ್ಯ ಇವುಗಳಿಗೆ ತಲಾ ಒಂದು ಸ್ಥಾನ ಕಾದಿರಿಸಬೇಕು. ಪತ್ರದ ಮೊದಲಿಗೆ ‘ಐ ಆ್ಯಮ್ ರೈಟಿಂಗ್ ಟು’, ಕೊನೆಗೆ ‘ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ’. ಮನೆಗೆ ಬರುವಾಗ ಸಣ್ಣದೊಂದು ಉಡುಗೊರೆ ತಂದರೆ ಸಾಕು ಎಂಬ ಸಲಹೆಯನ್ನು ಸ್ನೇಹಿತರಿಗೆ ಹೇಳಲು ‘ನಾಟ್ ಓನ್ಲಿ’ಯಿಂದ ಆರಂಭವಾಗುವ ಪಲ್ಲಟ ವಾಕ್ಯ ಬಂದಾಗ ಅದು ವ್ಯಾಕರಣದಲ್ಲಿ ಶುದ್ಧವಾಗಿರುತ್ತದೆ, ಸನ್ನಿವೇಶದಲ್ಲಿ ಅಸಂಗತವಾಗಿರುತ್ತದೆ. ನಿಯಮಾವಳಿ ಮೊದಲನೆಯದನ್ನು ಅಂಕವಾಗಿಸಬಲ್ಲದು. ಎರಡನೆಯದನ್ನು ಲಕ್ಷಾಂತರ ಉತ್ತರಪತ್ರಿಕೆಗಳಲ್ಲಿ ಏಕರೂಪವಾಗಿ ಗುರುತಿಸುವುದು ಕಷ್ಟ.

ಚೀ ಲುಷಿಯಾ ಅವರು 2000ದ ದಶಕದಲ್ಲಿ ನಡೆಸಿದ ಅಧ್ಯಯನಗಳು ಇದೇ ಕಂದರವನ್ನು ದಾಖಲಿಸಿವೆ. ಪತ್ರಿಕೆ ರಚಿಸಿದವರು, ಶೈಕ್ಷಣಿಕ ಪರಿವೀಕ್ಷಕರು, ಶಿಕ್ಷಕರು, ವಿದ್ಯಾರ್ಥಿಗಳು ಹೀಗೆ ಎಲ್ಲ ವರ್ಗದವರನ್ನೂ ಅವರು ಮಾತಾಡಿಸಿದರು. ಪತ್ರಿಕೆಯ ರಚನಕಾರರು ಓದುಗ ಮತ್ತು ಉದ್ದೇಶಗಳ ಅರಿವನ್ನು ಬಯಸಿದ್ದರೆ, ಶಾಲೆಗಳಲ್ಲಿ ಆ ಸಂವಹನ ಸನ್ನಿವೇಶ ಬಹುಮಟ್ಟಿಗೆ ಅಲಕ್ಷಿತವಾಗಿತ್ತು. ಗಮನವೆಲ್ಲ ಭಾಷಿಕ ಶುದ್ಧತೆಯ ಮೇಲೂ ಮೌಲ್ಯಮಾಪಕರ ನಿರೀಕ್ಷೆಯ ಮೇಲೂ ಕೇಂದ್ರೀಕೃತವಾಗಿತ್ತು. ಆಯ್ಕೆಯ ಕಾರ್ಯ ಮತ್ತು ಬೋಧನೆಯನ್ನು ಬದಲಿಸುವ ಕಾರ್ಯಗಳ ನಡುವಣ ಸಂಘರ್ಷವೇ ಉದ್ದೇಶಿತ ಹಿಂಪರಿಣಾಮವನ್ನು ತಡೆಯಿತೆಂಬ ಅವರ ತೀರ್ಮಾನವನ್ನು ನಾವು ಒಪ್ಪುತ್ತೇವೆ. ಅದಕ್ಕೆ ನಾವು ಸೇರಿಸಬಯಸುವುದಿಷ್ಟೆ: ಶಿಕ್ಷಕರೂ ವಿದ್ಯಾರ್ಥಿಗಳೂ ಓದುಗನನ್ನು ಮರೆತವರಲ್ಲ. ಅವರು ನಿಜವಾದ ಓದುಗನನ್ನು ಸರಿಯಾಗಿಯೇ ಗುರುತಿಸಿ, ಅವನಿಗೆ ತಕ್ಕಂತೆ ಬರೆದರು. ಸಂವಹನದ ತತ್ತ್ವದ ಪ್ರಕಾರ ನೋಡಿದರೆ ಅವರ ಓದುಗಪ್ರಜ್ಞೆ ಚುರುಕಾಗಿಯೇ ಇತ್ತು.

ಇದಕ್ಕೆ ಅತ್ಯಂತ ಮೂರ್ತವಾದ ಸಾಕ್ಷ್ಯ ಕೈಬರಹ. ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಗಣಕದ ಪರದೆಯ ಮೇಲೆ ಮೌಲ್ಯಮಾಪನ ಮಾಡುವ ಪದ್ಧತಿ 2000ದ ದಶಕದಲ್ಲಿ ಹರಡಿತು. ಹೆಬೈ ಪ್ರಾಂತದ ಹೆಂಗ್‌ಶುಯಿ ನಗರದ ಹಿರಿಯ ಪ್ರೌಢಶಾಲೆಯ ಹೆಸರಿನಿಂದ ಇಂದು ‘ಹೆಂಗ್‌ಶುಯಿ ಲಿಪಿ’ ಎಂದೇ ಪ್ರಸಿದ್ಧವಾದ ಇಂಗ್ಲಿಷ್ ಕೈಬರಹವೊಂದಿದೆ. ದುಂಡಗೆ, ನೆಟ್ಟಗೆ, ಸಮಾನ ಅಂತರದಲ್ಲಿ, ಅಚ್ಚಿನ ಅಕ್ಷರಗಳಂತೆ ಕಾಣುವ ಈ ಬರಹವನ್ನು ಕಾಪಿ ಪುಸ್ತಕಗಳಲ್ಲಿ ತಿದ್ದಿ ಅಭ್ಯಾಸ ಮಾಡುವ ರೂಢಿ ದೇಶದುದ್ದಕ್ಕೂ ಹರಡಿದೆ. ಪರದೆಯ ಮುಂದೆ ಕುಳಿತು ಬೇಗಬೇಗನೆ ಓದುವ ಕಣ್ಣಿಗೆ ಅನುಕೂಲವಾಗುವ ಅಕ್ಷರ ಅದು.

5. ಕೆಜು ಪರಂಪರೆಯ ಪ್ರಶ್ನೆ

ಇಷ್ಟನ್ನು ಹೇಳಿದೊಡನೆ ಚೀನಾದ ಸಾಮ್ರಾಜ್ಯಕಾಲದ ಅಧಿಕಾರಿ ಆಯ್ಕೆಯ ಪರೀಕ್ಷೆಯಾದ ಕೆಜುವಿನ ನೆನಪಾಗುವುದು ಸಹಜ. 1905ರಲ್ಲಿ ರದ್ದಾಗುವವರೆಗೆ ಆ ವ್ಯವಸ್ಥೆ ಸಾವಿರಕ್ಕೂ ಹೆಚ್ಚು ವರ್ಷ ಬಾಳಿತು. 15ನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಥಿರಗೊಂಡ ಅಷ್ಟಾಂಗ ಪ್ರಬಂಧವು ಅದರ ಪ್ರಧಾನ ರೂಪ. ಪ್ರಾಚೀನ ಋಷಿಸಮಾನರಾದ ಪ್ರಾಜ್ಞರ ಧ್ವನಿಯಲ್ಲಿ ಮಾತನಾಡುವುದು ಅಲ್ಲಿ ಅಭ್ಯರ್ಥಿಯ ಕರ್ತವ್ಯವಾಗಿತ್ತು. ಅನ್ಯರ ಧ್ವನಿ, ನಿಗದಿತ ಅಂಗಗಳು, ಸಮತೂಕದ ವಾಕ್ಯಗಳು: ಲಿ ಹುವಾ ಬರೆದ ಪತ್ರ ಅದರ ಕಿರಿಯ ವಂಶಜನಂತೆ ತೋರುತ್ತದೆ. ಚೀನಾದೊಳಗೂ ಹೊರಗೂ ಈ ಹೋಲಿಕೆಯನ್ನು ‘ಪರೀಕ್ಷಾ ಸಂಸ್ಕೃತಿ’ ಎಂಬ ಮಾತಿನಲ್ಲಿ ಮುಗಿಸುವುದುಂಟು.

ಹೋಲಿಕೆ ನಿಜ, ಅದರ ಕಾರಣದ ಬಗೆಗೆ ನಮ್ಮ ತಕರಾರಿದೆ. ಸಾಂಗ್ ರಾಜವಂಶದ (960–1279) ಕಾಲದಲ್ಲಿ ಪರೀಕ್ಷಾರ್ಥಿಯ ಹೆಸರನ್ನು ಕಾಗದ ಅಂಟಿಸಿ ಮುಚ್ಚುವ ಪದ್ಧತಿ ನೆಲೆಗೊಂಡಿತು. ಕೈಬರಹದಿಂದಲೂ ಗುರುತು ಹಿಡಿಯಲಾಗದಂತೆ ಉತ್ತರಪತ್ರಿಕೆಗಳನ್ನು ಗುಮಾಸ್ತರಿಂದ ಪ್ರತಿ ಮಾಡಿಸಿ, ಆ ಪ್ರತಿಗಳನ್ನೇ ಪರೀಕ್ಷಕರಿಗೆ ಕೊಡಲಾಗುತ್ತಿತ್ತು. ಇದು ಪಕ್ಷಪಾತವನ್ನು ತಡೆಯುವ ಉಪಾಯ. ಲಿ ಹುವಾ ಎಂಬ ಹೆಸರಿನ ಒಂದು ಉಪಯೋಗವೂ ಅದೇ. ಪತ್ರಕ್ಕೆ ಸಹಿ ಬೇಕು. ಆದರೆ ಅಭ್ಯರ್ಥಿ ತನ್ನ ನಿಜವಾದ ಹೆಸರನ್ನು ಉತ್ತರದಲ್ಲಿ ಬರೆಯುವಂತಿಲ್ಲ. ಕರ್ನಾಟಕದ ಎಸ್.ಎಸ್.ಎಲ್.ಸಿ. ಭಾಷಾಪತ್ರಿಕೆಗಳಲ್ಲಿ ಕಲ್ಪಿತ ಹೆಸರು, ಶಾಲೆ, ಊರುಗಳನ್ನು ಕೊಟ್ಟು ‘ನಿಮ್ಮನ್ನು ಇಂಥವರೆಂದು ಭಾವಿಸಿ ಪತ್ರ ಬರೆಯಿರಿ’ ಎನ್ನುವ ಪ್ರಶ್ನೆಯನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರ್ನಾಟಕದ ಪ್ರೌಢಶಾಲೆಗೆ ಕೆಜು ಪರಂಪರೆ ಇಲ್ಲ. ಆದರೂ ಲಿ ಹುವಾನ ಸೋದರರು ಇಲ್ಲಿಯೂ ಇದ್ದಾರೆ. ಅಪಾರ ಸಂಖ್ಯೆಯ ಅಪರಿಚಿತರನ್ನು ನಿಷ್ಪಕ್ಷಪಾತವಾಗಿ ಒಂದೇ ಅಳತೆಗೋಲಿನಿಂದ ಅಳೆಯಬೇಕೆಂಬ ಒತ್ತಡ ಎಲ್ಲಿದೆಯೋ ಅಲ್ಲಿ ರೂಪವು ಬಿಗಿಯಾಗುತ್ತದೆ, ವ್ಯಕ್ತಿ ಮರೆಯಾಗುತ್ತಾರೆ. ಸಾಂಗ್ ಕಾಲದಲ್ಲಿ ಗುಮಾಸ್ತ ಅಳಿಸುತ್ತಿದ್ದ ಕೈಬರಹದ ಗುರುತನ್ನು ಇಂದು ಹೆಂಗ್‌ಶುಯಿ ಲಿಪಿಯನ್ನು ತಿದ್ದುವ ವಿದ್ಯಾರ್ಥಿ ತಾನೇ ಅಳಿಸಿಕೊಳ್ಳುತ್ತಾನೆ. ಎರಡು ಕಾಲಗಳನ್ನು ಜೋಡಿಸುವ ಎಳೆ ಕಾರ್ಯದ ಸಾಮ್ಯವೇ ಹೊರತು ಜನಾಂಗವೊಂದರ ಸ್ವಭಾವವಲ್ಲ.

ಈ ವ್ಯತ್ಯಾಸ ಕೇವಲ ಶಾಸ್ತ್ರೀಯವಾದುದಲ್ಲ. ಕಾರಣ ಸಂಸ್ಕೃತಿಯಲ್ಲಿದೆ ಎಂದರೆ ಪರಿಹಾರವನ್ನು ಶಿಕ್ಷಕರ ಮತ್ತು ಮಕ್ಕಳ ಮನೋಭಾವದಲ್ಲಿ ಹುಡುಕುತ್ತೇವೆ. ಸೋಲಿನ ಹೊರೆಯನ್ನೂ ಅವರ ಮೇಲೆಯೇ ಹೊರಿಸುತ್ತೇವೆ. ಕಾರಣ ಪರೀಕ್ಷೆಯ ಕಾರ್ಯದಲ್ಲಿದೆ ಎಂದರೆ ಪ್ರಶ್ನೆಯನ್ನು ನೀತಿನಿರೂಪಕರ ಮುಂದೆಯೂ ಪರೀಕ್ಷಣ ತಜ್ಞರ ಮುಂದೆಯೂ ಇಡಬೇಕಾಗುತ್ತದೆ.

6. ಹೊಸ ರೂಪಗಳು, ಹಳೆಯ ಗತಿ

ರೂಪಗಳು ಜಡ್ಡುಗಟ್ಟಿದುದನ್ನು ಚೀನಾದ ತಜ್ಞರು ಚೆನ್ನಾಗಿಯೇ ಬಲ್ಲರು. ಓದಬಲ್ಲ, ಬರೆಯಬಲ್ಲ, ಆದರೆ ಮಾತನಾಡಲಾರದ ‘ಮೂಗ ಇಂಗ್ಲಿಷ್’ ಎಂಬ ಟೀಕೆಗೆ ಉತ್ತರವಾಗಿ 1990ರ ದಶಕದ ಕೊನೆಯಿಂದ ಆಲಿಸುವಿಕೆಯ ಭಾಗವನ್ನು ಹಂತಹಂತವಾಗಿ ಸೇರಿಸಲಾಯಿತು. ಅದಕ್ಕೆ 30 ಅಂಕಗಳನ್ನು ಮೀಸಲಿಡಲಾಯಿತು. ಗುವಾಂಗ್‌ಡಾಂಗ್ 2011ರಿಂದ ಗಣಕದ ಮೂಲಕ ಆಲಿಸುವ ಮತ್ತು ಮಾತನಾಡುವ ಪರೀಕ್ಷೆಯನ್ನು ಆರಂಭಿಸಿತು. ಬಿಡಿ ವಾಕ್ಯಗಳ ಬಹು ಆಯ್ಕೆಯ ವ್ಯಾಕರಣ ಪ್ರಶ್ನೆಗಳ ಬದಲಿಗೆ 2014ರಿಂದ ರಾಷ್ಟ್ರೀಯ ಪತ್ರಿಕೆಯಲ್ಲಿ ಇಡೀ ಗದ್ಯಭಾಗವೊಂದರಲ್ಲಿ ಬಿಟ್ಟಸ್ಥಳ ತುಂಬುವ ವ್ಯಾಕರಣ ಪ್ರಶ್ನೆ ಬಂದಿತು. 2013ರಲ್ಲಿ ಬೀಜಿಂಗ್ ನಗರಾಡಳಿತವು ಇಂಗ್ಲಿಷಿನ ಅಂಕವನ್ನು 150ರಿಂದ 100ಕ್ಕೆ ಇಳಿಸುವ ಕರಡನ್ನು ಪ್ರಕಟಿಸಿತು. ಅದು ಕಾರ್ಯಗತವಾಗಲಿಲ್ಲ, 2021ರಿಂದ ಅಲ್ಲಿ 150 ಅಂಕಗಳಲ್ಲಿ 50 ಅಂಕಗಳು ಗಣಕಾಧಾರಿತ ಆಲಿಸುವಿಕೆ ಮತ್ತು ಮಾತಿಗೆ ಸಲ್ಲುತ್ತವೆ.

ಈ ಸುಧಾರಣೆಗಳಲ್ಲಿ ಸೈದ್ಧಾಂತಿಕವಾಗಿ ಅತ್ಯಂತ ಕುತೂಹಲಕರವಾದುದು ‘ಓದಿ ಮುಂದುವರಿಸಿ ಬರೆಯುವ’ ಪ್ರಶ್ನೆ. ಇದರ ಹಿಂದೆ ಗುವಾಂಗ್‌ಡಾಂಗ್ ವಿದೇಶಿ ಅಧ್ಯಯನ ವಿಶ್ವವಿದ್ಯಾಲಯದ ವಾಂಗ್ ಚುಮಿಂಗ್ ಅವರ ಚಿಂತನೆಯಿದೆ. ಸಂಭಾಷಣೆಯಲ್ಲಿ ಮಾತುಗಾರರು ಒಬ್ಬರ ಭಾಷೆಯನ್ನು ಇನ್ನೊಬ್ಬರು ಅನುಸರಿಸುತ್ತ ಪರಸ್ಪರ ಹೊಂದಿಕೊಳ್ಳುವಂತೆ, ಅಪೂರ್ಣ ಪಠ್ಯವನ್ನು ಓದಿ ಮುಂದುವರಿಸುವ ಕಲಿಯುಗನು ಆ ಪಠ್ಯದ ಭಾಷೆಯೊಡನೆ ಹೊಂದಿಕೊಳ್ಳುತ್ತಾನೆ, ಆ ಹೊಂದಿಕೆಯಲ್ಲಿಯೇ ಕಲಿಕೆ ಸಂಭವಿಸುತ್ತದೆ ಎಂಬುದು ಅವರ ಸಿದ್ಧಾಂತದ ತಿರುಳು. 2016ರಲ್ಲಿ ಝೆಜಿಯಾಂಗ್ ಪ್ರಾಂತ ಇದನ್ನು 25 ಅಂಕಗಳ ಪ್ರಶ್ನೆಯಾಗಿ ಅಳವಡಿಸಿತು. ಸುಮಾರು 350 ಪದಗಳ ಕಥೆಯೊಂದನ್ನು ಓದಿ, ಎರಡು ಪರಿಚ್ಛೇದಗಳ ಕೊಟ್ಟ ಆರಂಭವಾಕ್ಯಗಳಿಂದ ಮುಂದುವರಿದು, ಸುಮಾರು 150 ಪದಗಳಲ್ಲಿ ಕಥೆಯನ್ನು ಮುಗಿಸಬೇಕು. 2021ರ ವೇಳೆಗೆ ಇದು ಹೊಸ ರಾಷ್ಟ್ರೀಯ ಪತ್ರಿಕೆಗಳ ಭಾಗವಾಯಿತು.

ಪ್ರತಿ ಕಥೆಯೂ ಹೊಸದಾಗಿರುವುದರಿಂದ ಕಂಠಪಾಠ ಇಲ್ಲಿ ನಿಷ್ಪ್ರಯೋಜಕವೆಂದು ನಿರೀಕ್ಷಿಸಬಹುದಾಗಿತ್ತು. ಅಭ್ಯಾಸವು ಬೇರೊಂದು ಒಳದಾರಿಯನ್ನು ಕಂಡುಕೊಂಡಿತು. ಕಥೆಗಳು ಬೇರೆಯಾದರೂ ಭಾವಗಳು ಕೆಲವೇ: ಭಯ, ದುಃಖ, ಹರ್ಷ, ಕೃತಜ್ಞತೆ. ಪ್ರತಿ ಭಾವಕ್ಕೂ ನುಡಿಗಟ್ಟುಗಳ ಭಂಡಾರ ಸಿದ್ಧವಾಯಿತು. ಕಣ್ಣಾಲಿಗಳು ತುಂಬಿಬರುವುದು, ಎದೆ ಡವಗುಟ್ಟುವುದು, ಮುಖ ಅರಳುವುದು ಇವುಗಳಿಗೆ ಇಂಗ್ಲಿಷ್ ಪದಸರಣಿಗಳು. ಕೊನೆಗೆ ನೀತಿಯ ಎತ್ತರಕ್ಕೆ ಏರುವ ಒಂದು ಸಮಾಪ್ತಿವಾಕ್ಯ. ಸಿದ್ಧಾಂತದ ಭಾಷೆಯಲ್ಲಿ ಹೇಳುವುದಾದರೆ ವಿದ್ಯಾರ್ಥಿಯ ಬರಹ ಹೊಂದಿಕೊಳ್ಳುವುದು ಎದುರಿಗಿರುವ ಕಥೆಯೊಡನಲ್ಲ, ಮುಂಚೆಯೇ ಉರು ಹೊಡೆದ ಭಂಡಾರದೊಡನೆ. ಹೊಂದಿಕೆಯ ಪರಿಕಲ್ಪನೆ ಇಲ್ಲಿ ಸುಳ್ಳಾಗುವುದಿಲ್ಲ; ಅದರ ಆಕರ ಮಾತ್ರ ಪಲ್ಲಟಗೊಳ್ಳುತ್ತದೆ.

ಆಯ್ಕೆಯ ಕಾರ್ಯ ಎಷ್ಟು ಪ್ರಬಲವೆಂಬುದು ಅದೇ ಝೆಜಿಯಾಂಗ್‌ನಲ್ಲಿ 2018ರ ನವೆಂಬರಿನಲ್ಲಿ ಬಹಿರಂಗವಾಯಿತು. ಒಂದೇ ದಿನದ ಒಂದೇ ಪರೀಕ್ಷೆ ಬಾಳನ್ನು ನಿರ್ಧರಿಸಬಾರದೆಂಬ ಆಶಯದಿಂದ ಅಲ್ಲಿ ಇಂಗ್ಲಿಷ್ ಪರೀಕ್ಷೆಯನ್ನು ಎರಡು ಬಾರಿ ಬರೆಯುವ ಅವಕಾಶ ಕಲ್ಪಿಸಲಾಗಿತ್ತು. ಎರಡರಲ್ಲಿ ಹೆಚ್ಚಿನ ಅಂಕ ಲೆಕ್ಕಕ್ಕೆ ಸಿಗುತ್ತಿತ್ತು. ಹಾಗಾದಾಗ ಎರಡು ಪತ್ರಿಕೆಗಳ ಕಾಠಿಣ್ಯ ಸಮಾನವಾಗಿರಬೇಕು. ಆ ನವೆಂಬರಿನ ಪತ್ರಿಕೆ ಹಿಂದಿನ ವರ್ಷದ್ದಕ್ಕಿಂತ ಕಠಿಣವಾಯಿತೆಂದು ಅಧಿಕಾರಿಗಳು ಕೆಲವು ಪ್ರಶ್ನೆಗಳಿಗೆ ತೂಕ ಸೇರಿಸಿ ಅಂಕಗಳನ್ನು ಹೊಂದಿಸಿದರು. ಫಲಿತಾಂಶ ಹೊರಬಿದ್ದಾಗ ವಿದ್ಯಾರ್ಥಿಗಳೂ ಪೋಷಕರೂ ಪ್ರತಿಭಟಿಸಿದರು. ಪ್ರಾಂತ ಸರ್ಕಾರ ತನಿಖೆ ನಡೆಸಿ, ಆ ನಿರ್ಧಾರ ತಪ್ಪೆಂದು ಡಿಸೆಂಬರಿನಲ್ಲಿ ಘೋಷಿಸಿ, ಮೂಲ ಅಂಕಗಳನ್ನೇ ಉಳಿಸಿತು. ಅಂಕಗಳನ್ನು ಸಮೀಕರಿಸುವುದು ಪರೀಕ್ಷಣ ಶಾಸ್ತ್ರದಲ್ಲಿ ಅಂಗೀಕೃತ ಕ್ರಮವೇ. ಆದರೆ ಮುಂಚಿತವಾಗಿ ಪ್ರಕಟಿಸದೆ ಕೆಲವೇ ಪ್ರಶ್ನೆಗಳಿಗೆ ತೂಕ ಸೇರಿಸಿದುದನ್ನು ಜನ ನ್ಯಾಯವೆಂದು ಒಪ್ಪಲಿಲ್ಲ. ಪರೀಕ್ಷೆಯ ನ್ಯಾಯಬದ್ಧತೆ ತಜ್ಞರ ಸಪ್ರಮಾಣತೆಯಿಂದ ಮಾತ್ರ ಸಿದ್ಧಿಸುವುದಿಲ್ಲ. ತನ್ನ ಉತ್ತರ ಹೇಗೆ ಅಂಕವಾಯಿತೆಂಬುದನ್ನು ಹಳ್ಳಿಯ ವಿದ್ಯಾರ್ಥಿಯೂ ಲೆಕ್ಕ ಹಾಕಿ ನೋಡಬಲ್ಲಂತಿರಬೇಕು ಎಂಬುದು ಸಮಾಜದ ಬೇಡಿಕೆ.

7. ಅಭ್ಯಾಸದ ಇನ್ನೊಂದು ಮುಖ

ಈ ಕೊನೆಯ ಅಂಶ ಅಭ್ಯಾಸವನ್ನು ಹಳಿಯುವ ವಿಮರ್ಶೆಗೆ ಒಂದು ಮಿತಿಯನ್ನು ತೋರಿಸುತ್ತದೆ. 2024ರಲ್ಲಿ ಗಾವ್‌ಕಾವ್‌ಗೆ ನೋಂದಾಯಿಸಿಕೊಂಡವರು 1 ಕೋಟಿ 34 ಲಕ್ಷಕ್ಕೂ ಹೆಚ್ಚು. ದೊಡ್ಡ ನಗರದ ಮಗುವಿಗೆ ಇಂಗ್ಲಿಷ್ ಚಲನಚಿತ್ರ, ವಿದೇಶಿ ಶಿಕ್ಷಕರು, ಪ್ರವಾಸಗಳ ಸೌಲಭ್ಯವಿರಬಹುದು. ದೂರದ ಜಿಲ್ಲೆಯ ಮಗುವಿಗೆ ಇಂಗ್ಲಿಷ್ ಸಿಗುವುದು ಶಿಕ್ಷಕರ ಬಾಯಲ್ಲಿ ಮತ್ತು ಅಭ್ಯಾಸಪುಸ್ತಕದಲ್ಲಿ ಮಾತ್ರ. ಪರೀಕ್ಷೆ ಮಾತಿನ ಕಡೆಗೆ, ಸಾಂಸ್ಕೃತಿಕ ಪರಿಚಯದ ಕಡೆಗೆ ವಾಲಿದಷ್ಟೂ ಭಾಷಾವಿಜ್ಞಾನಿಗೆ ಅದು ಹೆಚ್ಚು ಸಪ್ರಮಾಣವಾಗಿ ಕಾಣಬಹುದು. ಆ ಮಗುವಿಗೆ ಹೆಚ್ಚು ದೂರವಾಗಬಹುದು. ಸುಮಾರು 3500 ಪದಗಳ ಪಟ್ಟಿ, ಹತ್ತಾರು ಪತ್ರಗಳ ಮಾದರಿ, ತಿದ್ದಬಹುದಾದ ಅಕ್ಷರ: ಇವು ಶ್ರಮದಿಂದ ಗಳಿಸಬಹುದಾದ ವಸ್ತುಗಳು. ಸಿದ್ಧಸೂತ್ರವು ಕಲಿಕೆಯನ್ನು ಸಂಕುಚಿತಗೊಳಿಸುತ್ತದೆ ನಿಜ. ಬೇರೇನೂ ಇಲ್ಲದವರ ಕೈಗೆ ಎಟುಕುವ ಮೆಟ್ಟಿಲೂ ಅದೇ.

ಹಾಗೆಂದು ಅದರ ಬೆಲೆಯನ್ನು ಕಡೆಗಣಿಸಲಾಗದು. ದಶಕಗಳ ಅಭ್ಯಾಸದಿಂದ ಶಾಲೆಯ ಹೊರಗೆ ಎಲ್ಲಿಯೂ ಬಳಕೆಯಾಗದ ಲಿಖಿತ ಇಂಗ್ಲಿಷಿನ ಒಂದು ಪ್ರಭೇದ ರೂಪುಗೊಂಡಿದೆ. ಅದರಲ್ಲಿ ವ್ಯಾಕರಣ ಸಾಮರ್ಥ್ಯ ಸಾಮಾಜಿಕ ಸಾಮರ್ಥ್ಯದಿಂದ ಕಳಚಿಕೊಂಡಿದೆ. ಗೆಳೆಯರಿಗೆ ಬರೆಯುವ ಓಲೆಗೂ ಸಂಸ್ಥೆಗೆ ಬರೆಯುವ ಅರ್ಜಿಗೂ ಒಂದೇ ಗಾಂಭೀರ್ಯ. ಇದನ್ನು ‘ಚೀನೀ ಇಂಗ್ಲಿಷ್’ ಎಂಬ ಪ್ರಾದೇಶಿಕ ಪ್ರಭೇದದೊಡನೆ ಬೆರೆಸಬಾರದು. ಇದರ ಲಕ್ಷಣಗಳ ಮೂಲ ಚೀನೀ ಭಾಷೆಯ ರಚನೆಯಲ್ಲಿಲ್ಲ. ಮೌಲ್ಯಮಾಪನದ ಶ್ರೇಣಿ ವಿವರಣೆಯಲ್ಲಿದೆ. ಕಲಿಯುಗರ ಭಾಷೆಯ ದತ್ತಾಂಶವನ್ನು ವಿಶ್ಲೇಷಿಸುವ ಸಂಶೋಧಕರು ಪರೀಕ್ಷಾಭ್ಯಾಸದ ಈ ಪದರವನ್ನು ಗುರುತಿಸದಿದ್ದರೆ, ನಿಯಮಾವಳಿಯ ಪ್ರಭಾವವನ್ನು ಮಾತೃಭಾಷೆಯ ಪ್ರಭಾವವೆಂದು ತಪ್ಪಾಗಿ ಓದುವ ಸಾಧ್ಯತೆಯಿದೆ.

8. ಉಪಸಂಹಾರ

1985ರ ಪ್ರಯೋಗದಿಂದ ಓದಿ ಮುಂದುವರಿಸುವ ಪ್ರಶ್ನೆಯವರೆಗಿನ ಚರಿತ್ರೆಯಲ್ಲಿ ಒಂದು ಆವರ್ತನೆಯನ್ನು ನಾವು ಗುರುತಿಸಿದೆವು. ಬಳಕೆಯ ಭಾಷೆಯನ್ನು ತರಗತಿಗೆ ತರಲೆಂದು ಹೊಸ ರೂಪ ಹುಟ್ಟುತ್ತದೆ. ಅದು ಅಲ್ಪಕಾಲ ಫಲ ನೀಡುತ್ತದೆ. ಏಕರೂಪ ಮೌಲ್ಯಮಾಪನದ ಅಗತ್ಯ ಅದರ ಅಳೆಯಬಲ್ಲ ಅಂಶಗಳನ್ನು ಮಾತ್ರ ಎತ್ತಿಹಿಡಿಯುತ್ತದೆ. ಅಭ್ಯಾಸ ಆ ಅಂಶಗಳನ್ನೇ ಬೆಳೆಸುತ್ತದೆ. ಆಗ ಮತ್ತೊಂದು ರೂಪ ಬೇಕಾಗುತ್ತದೆ. 1993ರಲ್ಲಿ ಆಲ್ಡರ್‌ಸನ್ ಮತ್ತು ವಾಲ್ ಅವರು ಹಿಂಪರಿಣಾಮ ನಿಜವಾಗಿಯೂ ಇದೆಯೇ ಎಂದು ಕೇಳಿದ ಪ್ರಶ್ನೆಗೆ ಚೀನಾದ ಅನುಭವದಿಂದ ದೊರೆಯುವ ಉತ್ತರಕ್ಕೆ ಕಾಲದ ಆಯಾಮವಿದೆ. ಹಿಂಪರಿಣಾಮ ಇದೆ, ಆದರೆ ಅದರ ಗುಣ ಪ್ರಶ್ನಾರೂಪದ ವಯಸ್ಸಿನೊಡನೆ ಬದಲಾಗುತ್ತದೆ. ಹೊಸ ಪರೀಕ್ಷೆ ಜಾರಿಯಾದ ಮೊದಲ ಕೆಲವು ವರ್ಷಗಳ ಸಮೀಕ್ಷೆಯನ್ನು ಆಧರಿಸಿ ಅದರ ಗೆಲುವನ್ನೋ ಸೋಲನ್ನೋ ಸಾರುವುದು ಆದುದರಿಂದ ಅಪಕ್ವ.

ಈ ಆವರ್ತನೆಯಿಂದ ಹೊರಬರಲು ಇನ್ನೂ ಜಾಣ್ಮೆಯ ಪ್ರಶ್ನಾರೂಪವೊಂದು ಸಾಕಾಗದು. ಬೋಧನಾಸುಧಾರಣೆಯ ಹೊಣೆಯಲ್ಲಿ ಒಂದು ಪಾಲನ್ನಾದರೂ ಪ್ರವೇಶದ ಅಂಕದಿಂದ ಬಿಡಿಸಿ ಶಿಕ್ಷಕರ ತರಬೇತಿಗೆ, ಶಾಲೆಯೊಳಗಣ ಓದಿಗೆ, ಅಂಕವಿಲ್ಲದ ಬರವಣಿಗೆಗೆ ಒಪ್ಪಿಸಬೇಕಾದೀತು. ಇದು ಸುಲಭದ ಮಾತಲ್ಲ. ಅಂಕವಿಲ್ಲದ ಬರವಣಿಗೆಗೆ ಅಂತಿಮ ವರ್ಷದ ವಿದ್ಯಾರ್ಥಿಯ ದಿನಚರಿಯಲ್ಲಿ ಬಿಡುವಿಲ್ಲ. ಆದರೂ ಉತ್ತರ ಬರಬಹುದಾದ ಒಂದು ಪತ್ರವನ್ನಾದರೂ ಬರೆಯುವ ಅವಕಾಶ ಆ ವಿದ್ಯಾರ್ಥಿಗೆ ಶಾಲೆಯ ಯಾವ ವರ್ಷದಲ್ಲಿ, ಯಾವ ಪಾಠದ ಅವಧಿಯಲ್ಲಿ ದೊರೆಯುತ್ತದೆ ಎಂಬುದನ್ನು ಪಠ್ಯಕ್ರಮಗಳ ಮುಂದಿನ ಅಧ್ಯಯನಗಳು ಕೇಳಬೇಕು. ಭಾವಿಸಿಕೊಂಡ ಹೆಸರಿನಲ್ಲಿ ಪತ್ರ ಬರೆಯಿಸುವ ಎಲ್ಲ ಪರೀಕ್ಷೆಗಳಿಗೂ, ನಮ್ಮವೂ ಸೇರಿದಂತೆ, ಆ ಪ್ರಶ್ನೆ ಅನ್ವಯಿಸುತ್ತದೆ.